ಗುಜರಿಗೆ ಹೊರಟ ಬಸ್ಸಿಗೆ ಗೃಹಪ್ರವೇಶ

ಬೆಳಗ್ಗೆ ಎಂಟರ ಹೊತ್ತಿಗೆ ಶಾಂತಿಗ್ರಾಮದ ಹೆದ್ದಾರಿ ಬದಿಯಲ್ಲಿ ನಿಂತರೆ ಹಳದಿ ಬಸ್ಸುಗಳು ಒಂದರ ಹಿಂದೊಂದು ಹಾದುಹೋಗುತ್ತವೆ. ಕೆಲವು ಹಾಸನದ ಕಡೆಗೆ, ಕೆಲವು ಚನ್ನರಾಯಪಟ್ಟಣದ ಕಡೆಗೆ. ಹೊಳೆನರಸೀಪುರ, ಅರಕಲಗೂಡಿನ ಒಳದಾರಿಗಳಲ್ಲೂ ಇದೇ ನೋಟ. ಆಲೂಗಡ್ಡೆ ಹೊಲ, ತೆಂಗಿನ ತೋಟಗಳ ನಡುವೆ ಊರೂರು ಸುತ್ತಿ ಮಕ್ಕಳನ್ನು ತುಂಬಿಕೊಂಡು ಬರುವ ಈ ಬಸ್ಸುಗಳಿಗೂ ಒಂದು ಆಯಸ್ಸಿದೆ. ಎಂಟು ವರ್ಷ ದಾಟಿದ ಮೇಲೆ ವರ್ಷ ವರ್ಷವೂ ಓಡಲು ಯೋಗ್ಯ ಎಂಬ ಪ್ರಮಾಣಪತ್ರ, ಅಂದರೆ ಎಫ್‌ಸಿ ಮಾಡಿಸಬೇಕು. ಒಂದು ವರ್ಷ ಎಫ್‌ಸಿಗೆ ಸಿದ್ಧಗೊಳಿಸುವ ಖರ್ಚು ಬಸ್ಸಿನ ಬೆಲೆಗೇ ಸಮ ಅನ್ನಿಸುತ್ತದೆ. ಆಗ ಅದನ್ನು ಶಾಲೆಯ ಹಿಂದಿನ ಬಯಲಿಗೆ ತಂದು ನಿಲ್ಲಿಸುತ್ತಾರೆ. ಟಯರಿನ ಗಾಳಿ ಇಳಿಯುತ್ತದೆ, ಬ್ಯಾಟರಿ ಸಾಯುತ್ತದೆ, ಪಾರ್ಥೇನಿಯಂ ಬಾಗಿಲೆತ್ತರಕ್ಕೆ ಬೆಳೆಯುತ್ತದೆ. ಕೊನೆಗೊಂದು ದಿನ ಗುಜರಿಯವರು ಬಂದು ಕಬ್ಬಿಣದ ತೂಕಕ್ಕೆ ಬೆಲೆ ಕಟ್ಟುತ್ತಾರೆ.

ಎಂಜಿನ್ನು ಸೋತಿರಬಹುದು, ಗೇರ್‌ಬಾಕ್ಸ್ ಕಿರುಗುಟ್ಟುತ್ತಿರಬಹುದು. ಆದರೆ ಆ ಬಸ್ಸಿನ ಮೈ? ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಬಾಗಿದ ಚಾವಣಿ, ಎರಡೂ ಬದಿಗೆ ಸಾಲು ಕಿಟಕಿ, ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ನಿಂತ ಗಟ್ಟಿ ತಳ. ಒಳಗಿನ ಜಾಗ ಬಸ್ಸಿನ ಉದ್ದಕ್ಕೆ ತಕ್ಕಂತೆ 150ರಿಂದ 200 ಚದರಡಿ. ಅಡುಗೆಗೊಂದು ಮೂಲೆ, ಮಲಗಲೊಂದು ಮಂಚ, ಬಚ್ಚಲು, ನಾಲ್ಕು ಜನ ಕೂರುವ ಜಾಗ, ಎಲ್ಲಕ್ಕೂ ಸಾಲುತ್ತದೆ. ಬಸ್ಸನ್ನು ಮನೆ ಮಾಡುವುದು ಸಿನಿಮಾದವರ ಕ್ಯಾರವಾನಿಗೆ, ಹೊರದೇಶದ ಶೋಕಿದಾರರಿಗೆ ಸೇರಿದ ಕೆಲಸ ಎಂಬ ಭಾವನೆ ನಮ್ಮಲ್ಲಿದೆ. ಅದಕ್ಕೆ ಬೇಕಾದ ಕೈಗಳು ಹಾಸನದಲ್ಲೇ ಇವೆ ಎಂಬುದನ್ನು ಹೇಳಲೆಂದೇ ಈ ಬರಹ.

ಹಾಸನದ ಕೈಚಳಕ

ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರಲ್ಲಿ 120 ಬಸ್ಸುಗಳಿಂದ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು. ಇಂದಿನ ಕೆಎಸ್‌ಆರ್‌ಟಿಸಿಗೆ ಡಿಪೊಗಳು ಊರೂರಲ್ಲಿವೆ, ಆದರೆ ಬಸ್ಸನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಬಲ್ಲ ದೊಡ್ಡ ಪ್ರಾದೇಶಿಕ ಕಾರ್ಯಾಗಾರಗಳು ಕೆಂಗೇರಿ ಮತ್ತು ಹಾಸನದಲ್ಲಿವೆ. ಕೋವಿಡ್ ಕಾಲದ ನಷ್ಟದಿಂದ ಹೊಸ ಬಸ್ ಕೊಳ್ಳಲು ನಿಗಮದ ಕೈಯಲ್ಲಿ ಹಣವಿರಲಿಲ್ಲ. ಆಗ ಲಕ್ಷಾಂತರ ಕಿಲೋಮೀಟರ್ ಓಡಿ ಸುಸ್ತಾದ ಬಸ್ಸುಗಳನ್ನು ಇಲ್ಲೇ ನವೀಕರಿಸುವ ಕೆಲಸಕ್ಕೆ ಕೈಹಾಕಿದರು. ಹೊಸ ಬಸ್ಸಿಗೆ ಆಗ 40 ಲಕ್ಷ ರೂಪಾಯಿಯ ಆಸುಪಾಸು ಬೇಕಿತ್ತು, ನವೀಕರಣಕ್ಕೆ ಸುಮಾರು 3 ಲಕ್ಷ ಸಾಕಾಯಿತು. ಹೀಗೆ ಮರುಜೀವ ಪಡೆದ ಬಸ್ಸುಗಳ ಸಂಖ್ಯೆ ಸಾವಿರ ದಾಟಿತು.

ಈ ಕೆಲಸದ ಕ್ರಮ ನೋಡಿ. ಸೀಟು, ಗಾಜು, ಹೊರಗಿನ ತಗಡು ಎಲ್ಲವನ್ನೂ ಕಳಚಿ ಬಸ್ಸನ್ನು ಅಸ್ಥಿಪಂಜರ ಮಾಡುತ್ತಾರೆ. ತುಕ್ಕು ತಿಂದ ಕಂಬಗಳನ್ನು ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡುತ್ತಾರೆ. ನೆಲದ ಹಲಗೆ ಬದಲಾಗುತ್ತದೆ, ಹೊಸ ತಗಡು ಬೀಳುತ್ತದೆ, ಕಿಟಕಿಗೆ ಹೊಸ ರಬ್ಬರ್ ಬೀಡಿಂಗ್ ಬರುತ್ತದೆ, ವೈರಿಂಗ್ ಹೊಸದಾಗುತ್ತದೆ, ಕೊನೆಗೆ ಬಣ್ಣ. ಬಸ್ಸನ್ನು ಮನೆ ಮಾಡಲು ಹೊರಟವರೂ ಮಾಡಬೇಕಾದ್ದು ಇದನ್ನೇ. ಕೊನೆಯಲ್ಲಿ ಅವರು ಸೀಟು ಕೂರಿಸುತ್ತಾರೆ, ಇವರು ಒಲೆ ಕೂರಿಸುತ್ತಾರೆ, ವ್ಯತ್ಯಾಸ ಅಷ್ಟೇ. ಕಾರ್ಯಾಗಾರದ ಟಿಂಕರ್, ವೆಲ್ಡರ್, ಪೇಂಟರ್, ಎಲೆಕ್ಟ್ರಿಷಿಯನ್‌ಗಳನ್ನು ಪ್ರಯಾಣಿಕರಾದ ನಾವು ಎಂದೂ ನೋಡಿರುವುದಿಲ್ಲ. ಅವರ ಕೆಲಸ ಮಾತ್ರ ದಿನವೂ ನಮ್ಮನ್ನು ಹೊತ್ತು ತಿರುಗುತ್ತಿದೆ.

ನಿವೃತ್ತ ಬಸ್ಸನ್ನು ಬೇರೆ ಕೆಲಸಕ್ಕೆ ಹಚ್ಚಿದ ಉದಾಹರಣೆಗಳೂ ನಮ್ಮಲ್ಲಿವೆ. 2020ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಹಳೇ ಬಸ್ಸೊಂದು ಮಹಿಳೆಯರ ಶೌಚಾಲಯವಾಯಿತು. ಮಗುವಿಗೆ ಹಾಲುಣಿಸಲು ಜಾಗವನ್ನೂ ಸೌರ ದೀಪವನ್ನೂ ಅದರಲ್ಲೇ ಹೊಂದಿಸಿದ್ದರು. ಅದೇ ವರ್ಷ ಬಸ್ಸುಗಳು ಸಂಚಾರಿ ಜ್ವರ ತಪಾಸಣಾ ಕೇಂದ್ರಗಳಾಗಿ ಹಳ್ಳಿಗಳಿಗೆ ಹೋದವು. ಕುಂದಾಪುರ ಕಡೆಯ ಬಗ್ವಾಡಿಯ ಸರ್ಕಾರಿ ಶಾಲೆಯಲ್ಲಿ ಗುಜರಿ ಸೇರಬೇಕಿದ್ದ ಬಸ್ಸೇ ತರಗತಿಯಾಯಿತು. ಪಕ್ಕದ ಕೇರಳದ ಸಾರಿಗೆ ಸಂಸ್ಥೆ 2020ರ ನವೆಂಬರ್‌ನಲ್ಲಿ ಮುನ್ನಾರ್ ಡಿಪೊದಲ್ಲಿ ಹಳೇ ಬಸ್ಸಿನೊಳಗೆ ಮಲಗುವ ಅಟ್ಟಣಿಗೆ ಕಟ್ಟಿಸಿ, ರಾತ್ರಿಗೆ 100 ರೂಪಾಯಿಗೆ ಪ್ರವಾಸಿಗರಿಗೆ ಬಿಟ್ಟಿತು. ಕಾಲೇಜು ಹುಡುಗರು, ಸಣ್ಣ ಸಂಬಳದವರು ಮುನ್ನಾರಿನ ಚಳಿಯಲ್ಲಿ ಬೆಚ್ಚಗೆ ಮಲಗಿ ಎದ್ದರು. ಒಂದು ರಾತ್ರಿ ಮಲಗಬಹುದಾದ ಜಾಗದಲ್ಲಿ ವರ್ಷಪೂರ್ತಿ ಬದುಕಲು ಏನೇನು ಬೇಕು ಎಂಬುದಷ್ಟೇ ಉಳಿದ ಪ್ರಶ್ನೆ.

ಅಮೆರಿಕದವರು ಕಲಿತದ್ದು

ಈ ಪ್ರಶ್ನೆಗೆ ಹೆಚ್ಚು ಕಾಲದಿಂದ ಉತ್ತರ ಹುಡುಕುತ್ತಿರುವವರು ಅಮೆರಿಕನ್ನರು. ಅಲ್ಲಿ 1939ರಲ್ಲಿ ಫ್ರಾಂಕ್ ಸಿರ್ ಎಂಬ ಶಿಕ್ಷಣ ತಜ್ಞರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಒಂದು ಸಮ್ಮೇಳನ ಕರೆದು ಶಾಲಾ ಬಸ್ಸಿನ ಅಳತೆ, ಬಲ, ಬಣ್ಣಗಳಿಗೆ ಒಂದೇ ನಿಯಮ ತಂದರು. ಹಳದಿ ಬಣ್ಣ ನಿಗದಿಯಾದದ್ದು ಅಲ್ಲಿಯೇ. ನಮ್ಮಲ್ಲಿ ಶಾಲಾ ವಾಹನಗಳಿಗೆ ಕಟ್ಟುನಿಟ್ಟಿನ ನಿಯಮಗಳು ಬಂದದ್ದು 1997ರ ಸುಪ್ರೀಂ ಕೋರ್ಟ್ ಆದೇಶದ ನಂತರ. ಗಟ್ಟಿಯಾಗಿ ಕಟ್ಟಿದ್ದರಿಂದ ಅಮೆರಿಕದ ಶಾಲಾ ಬಸ್ಸುಗಳು ಶಾಲೆ ಬಿಟ್ಟ ಮೇಲೂ ಬಾಳಿದವು, ಅಗ್ಗಕ್ಕೂ ಸಿಕ್ಕವು. 1964ರಲ್ಲಿ ಕಾದಂಬರಿಕಾರ ಕೆನ್ ಕೀಸಿ ಮತ್ತು ಗೆಳೆಯರು 1939ರ ಹಳೇ ಶಾಲಾ ಬಸ್ಸಿನಲ್ಲಿ ಮಂಚ, ಅಡುಗೆಮನೆಗಳೊಡನೆ ದೇಶ ಸುತ್ತಿದರು.

ನನಗೆ ಅದಕ್ಕಿಂತ ಮುಖ್ಯವೆನಿಸುವುದು ಸ್ಟೀಫನ್ ಗ್ಯಾಸ್ಕಿನ್ ಎಂಬವರ ಜೊತೆ 1970ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಬಸ್ಸುಗಳ ಸಾಲು. ನೂರಾರು ಯುವಕ ಯುವತಿಯರು ತಿಂಗಳುಗಟ್ಟಲೆ ಅಲೆದು 1971ರಲ್ಲಿ ಟೆನೆಸಿ ರಾಜ್ಯದಲ್ಲಿ ಜಮೀನು ಕೊಂಡು ಬೇಸಾಯಕ್ಕೆ ಇಳಿದರು. ಆ ಹಳ್ಳಿಗೆ ‘ದ ಫಾರ್ಮ್’ ಎಂದು ಹೆಸರು. ಮೊದಲ ವರ್ಷಗಳಲ್ಲಿ ಅವರ ಮನೆಗಳೆಂದರೆ ಅವರು ಬಂದ ಬಸ್ಸುಗಳೇ. ಮಕ್ಕಳು ಹುಟ್ಟಿದ್ದೂ ಅಲ್ಲೇ, ಬೆಳೆದದ್ದೂ ಅಲ್ಲೇ. ಅಲೆಯುವಾಗ ವಾಹನವಾಗಿದ್ದ ಬಸ್ಸು ಹೊಲದಲ್ಲಿ ನಿಂತ ಮೇಲೆ ಸಂಸಾರಗಳ ಮನೆಯಾಯಿತು. ನಮ್ಮ ಸೀಮೆಗೆ ಹೊಂದುವ ಮಾದರಿ ಇದೇ ಎಂದು ನನ್ನ ನಂಬಿಕೆ.

ಬಿಚ್ಚುವುದು, ಮುಚ್ಚುವುದು, ಕಟ್ಟುವುದು

ಮೊದಲು ಬಸ್ಸನ್ನು ಆರಿಸುವುದು. ಬಣ್ಣ ನೋಡಿ ಮೋಸಹೋಗಬಾರದು. ಬಗ್ಗಿ ತಳ ನೋಡಬೇಕು. ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತಾ ಹೋಗಬೇಕು. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ. ಚಕ್ರದ ಮೇಲಿನ ಕಮಾನು, ಬಾಗಿಲ ಮೆಟ್ಟಿಲಿನ ಕೆಳಗೆ, ಬ್ಯಾಟರಿ ಪೆಟ್ಟಿಗೆಯ ಸುತ್ತ, ಕಿಟಕಿಯ ಕೆಳಪಟ್ಟಿ, ನೀರು ನಿಲ್ಲುವ ಈ ಜಾಗಗಳಲ್ಲೇ ತುಕ್ಕು ಮೊದಲು ಹುಟ್ಟುವುದು. ಕರಾವಳಿಯಲ್ಲಿ ಓಡಿದ ಬಸ್ಸಾದರೆ ಎರಡು ಪಟ್ಟು ಎಚ್ಚರ ಬೇಕು. ಉಪ್ಪು ಗಾಳಿ ಉಕ್ಕನ್ನು ಒಳಗಿಂದ ತಿನ್ನುತ್ತದೆ.

ಸೀಟು ತೆಗೆಯುವುದೇ ಒಂದು ದೊಡ್ಡ ಕೆಲಸ. ವರ್ಷಗಟ್ಟಲೆ ಕೂತ ಬೋಲ್ಟುಗಳು ಸ್ಪ್ಯಾನರಿಗೆ ಬಗ್ಗುವುದಿಲ್ಲ, ಗ್ರೈಂಡರ್‌ನಿಂದ ಕತ್ತರಿಸಬೇಕಾಗುತ್ತದೆ. ನೆಲದ ಹಲಗೆ ಎತ್ತಿ, ಕೆಳಗಿನ ತುಕ್ಕನ್ನು ಉಜ್ಜಿ ತೆಗೆದು, ಪ್ರೈಮರ್ ಹೊಡೆದ ಮೇಲೇ ಹೊಸ ಹಲಗೆ. ಇಲ್ಲಿ ಅವಸರ ಮಾಡಿದವರು ಮುಂದೆ ಕಟ್ಟಿದ್ದನ್ನೆಲ್ಲ ಒಡೆಯಬೇಕಾಗುತ್ತದೆ. ಚಾವಣಿಯ ಜೋಡಣೆಗಳನ್ನೂ ಹೊಸದಾಗಿ ಸೀಲ್ ಮಾಡಿ, ಪೈಪ್ ಹಿಡಿದು ನೀರು ಬಿಟ್ಟು ಸೋರುತ್ತದೆಯೇ ಎಂದು ಒಳಗಿನಿಂದ ನೋಡಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ ಸುರಿಯುವ ಸೀಮೆಯಲ್ಲಿ ಈ ಪರೀಕ್ಷೆ ತಪ್ಪಿಸುವಂತಿಲ್ಲ.

ಹಾಸನಕ್ಕೆ ಬಡವರ ಊಟಿ ಎಂಬ ಹೆಸರಿದೆ. ಆದರೂ ಮಾರ್ಚ್, ಏಪ್ರಿಲ್‌ ಬಿಸಿಲಲ್ಲಿ ನಿಂತ ಬಸ್ಸಿನೊಳಗೆ ಕೂತು ನೋಡಿದವರಿಗೆ ಗೊತ್ತು, ತಗಡಿನ ಚಾವಣಿ ಕಾದ ಕಾವಲಿಯೇ. ಆದ್ದರಿಂದ ಹೊರತಗಡಿಗೂ ಒಳಗಿನ ಹಲಗೆಗೂ ನಡುವೆ ಶಾಖ ತಡೆಯುವ ಪದರ ಬೇಕು. ಗ್ಲಾಸ್‌ವೂಲ್ ಅಗ್ಗ, ಆದರೆ ತೇವ ಹಿಡಿದರೆ ಕೆಡುತ್ತದೆ. ಗಟ್ಟಿ ಫೋಮ್ ಹಲಗೆಗಳು ದುಬಾರಿ, ಬಾಳಿಕೆ ಹೆಚ್ಚು. ದಪ್ಪ ಹಾಕಿದಷ್ಟೂ ತಂಪು ಹೆಚ್ಚುತ್ತದೆ, ತಲೆಯ ಮೇಲಿನ ಜಾಗ ಕಡಿಮೆಯಾಗುತ್ತದೆ. ಒಳಗಿನ ಎತ್ತರ ಆರಡಿಯ ಆಸುಪಾಸು ಇರುವುದರಿಂದ ಇಲ್ಲಿ ಒಂದೊಂದು ಅಂಗುಲಕ್ಕೂ ಲೆಕ್ಕವಿದೆ. ಚಾವಣಿಗೆ ಬಿಳಿ ಬಣ್ಣ ಹೊಡೆಯುವುದು ಮತ್ತು ಮರದ ನೆರಳಿಗೆ ನಿಲ್ಲಿಸುವುದು ಇವೆರಡೂ ಖರ್ಚು ಕಡಿಮೆಯ ಉಪಾಯಗಳು. ತೆಂಗಿನ ಮರದ ಕೆಳಗೆ ಮಾತ್ರ ಬೇಡ. ಒಂದು ಕಾಯಿ ಬಿದ್ದರೂ ತಗಡು ನಗ್ಗಾಗುತ್ತದೆ.

ಆವಿಯ ಕಾಟ ಹಲವರಿಗೆ ಹೊಳೆಯುವುದೇ ಇಲ್ಲ. ಮುದ್ದೆಯ ಎಸರು ಕುದಿಯುವಾಗ ಏಳುವ ಆವಿ, ರಾತ್ರಿ ಮಲಗಿದವರ ಉಸಿರು, ಎಲ್ಲವೂ ತಣ್ಣನೆ ತಗಡಿಗೆ ತಾಗಿ ನೀರಾಗಿ ಗೋಡೆಯೊಳಗೆ ಇಳಿಯುತ್ತದೆ. ಡಿಸೆಂಬರಿನ ಮಂಜಿನಲ್ಲಿ ಇದು ಹೆಚ್ಚು. ಒಲೆಯ ಮೇಲೊಂದು ಎಕ್ಸಾಸ್ಟ್ ಫ್ಯಾನ್, ಎದುರುಬದುರು ತೆರೆಯುವ ಎರಡು ಕಿಟಕಿ ಇಲ್ಲದ ಬಸ್ಸುಮನೆ ಒಳಗೊಳಗೇ ಕೊಳೆಯುತ್ತದೆ.

ಭಾರದ ಲೆಕ್ಕವನ್ನೂ ಹೇಳಬೇಕು. ನಮ್ಮ ಬಸ್ಸುಗಳ ವಿನ್ಯಾಸದಲ್ಲಿ ಒಬ್ಬ ವಯಸ್ಕ ಪ್ರಯಾಣಿಕನಿಗೆ 68 ಕಿಲೋ ಎಂದು ಹಿಡಿಯುತ್ತಾರೆ. 50 ಜನರ ಬಸ್ಸೆಂದರೆ 3,400 ಕಿಲೋ. ಪ್ಲೈವುಡ್ಡಿನ ಕಪಾಟು, ಮಂಚ, 300 ಲೀಟರ್ ನೀರು, ಬ್ಯಾಟರಿ ಎಲ್ಲ ಸೇರಿದರೂ ಅಷ್ಟಾಗುವುದಿಲ್ಲ. ಆದರೆ ಭಾರ ಒಂದೇ ಬದಿಗೆ ಬೀಳಬಾರದು. ಅಡುಗೆಕಟ್ಟೆ ಬಲಗಡೆಗಿದ್ದರೆ ನೀರಿನ ಟ್ಯಾಂಕು ಎಡಗಡೆಗೆ, ಎರಡು ಅಚ್ಚುಗಳ ನಡುವೆ ಇರಬೇಕು. ಕಲ್ಲಿನ ಚಪ್ಪಡಿ, ಟೈಲ್ಸ್‌ಗಳ ಆಸೆ ಬಿಡಬೇಕು.

ವಿದ್ಯುತ್ತಿಗೆ ನಮ್ಮ ಬಿಸಿಲೇ ಆಸ್ತಿ. ಒಂದು ಕಿಲೋವ್ಯಾಟ್ ಸೌರಫಲಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ದೀಪ, ಫ್ಯಾನು, ಫೋನು, ಸಣ್ಣ ಫ್ರಿಜ್ಜಿಗೆ ಅಷ್ಟು ಸಾಕು. ಅಡುಗೆಗೆ ಗ್ಯಾಸೇ ಸರಿ. ಆದರೆ ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗಿಳಿದು ನೆಲದ ಮೇಲೆ ನಿಲ್ಲುತ್ತದೆ. ಹಾಗಾಗಿ ಸಿಲಿಂಡರ್ ಹೊರಗಿನ ಪೆಟ್ಟಿಗೆಯಲ್ಲಿರಬೇಕು, ಒಳಗೆ ನೆಲಮಟ್ಟದಲ್ಲಿ ಗಾಳಿ ಹೊರಹೋಗುವ ಕಿಂಡಿ ಇರಬೇಕು. ಹೊರಗಿನಿಂದ 230 ವೋಲ್ಟ್ ಕರೆಂಟು ತರುವವರು ಬಸ್ಸಿನ ಇಡೀ ಮೈಯನ್ನು ಅರ್ತಿಂಗ್ ಮಾಡಿಸಿ, ಕರೆಂಟು ಸೋರಿದರೆ ತಾನೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಹಾಕಿಸಲೇಬೇಕು. ಒಂದು ವೈರಿನ ಪ್ಲಾಸ್ಟಿಕ್ ಸವೆದು ತಗಡಿಗೆ ತಾಗಿದರೆ ಇಡೀ ಮನೆಯೇ ಶಾಕ್ ಹೊಡೆಯುತ್ತದೆ. ತೋಟದ ಇಲಿಗಳು ವೈರು ಕಡಿಯುವುದರಲ್ಲಿ ಗಟ್ಟಿಗರು, ಅದಕ್ಕೆ ವೈರೆಲ್ಲ ಪೈಪಿನೊಳಗೇ ಹೋಗಲಿ. ಶಾಲಾ ಬಸ್ಸಿನಲ್ಲಿ ತುರ್ತು ಬಾಗಿಲು ಇದ್ದೇ ಇರುತ್ತದೆ. ಅದರ ಮುಂದೆ ಕಪಾಟು ಕಟ್ಟಿ ಮುಚ್ಚಬಾರದು. ಬೆಂಕಿ ಬಿದ್ದರೆ ಪ್ರಾಣ ಉಳಿಸುವುದು ಆ ಬಾಗಿಲೇ.

ಬಚ್ಚಲು, ಶೌಚಾಲಯದ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಅನುಕೂಲವಿದೆ. ಚನ್ನರಾಯಪಟ್ಟಣ, ಅರಸೀಕೆರೆ ಕಡೆ ತೆಂಗಿನ ನಾರಿನ ಪುಡಿಗೆ ಬರವಿಲ್ಲ. ನೀರಿಲ್ಲದ ಗೊಬ್ಬರದ ಶೌಚಾಲಯಕ್ಕೆ ಅಮೆರಿಕದವರು ದುಡ್ಡು ಕೊಟ್ಟು ತರಿಸಿಕೊಳ್ಳುವ ವಸ್ತುವೇ ಅದು. ಬಸ್ಸು ಒಂದೇ ಕಡೆ ನಿಲ್ಲುವುದಾದರೆ ಪಕ್ಕದಲ್ಲೇ ಎರಡು ಗುಂಡಿಯ ಶೌಚಾಲಯ ಇನ್ನೂ ಒಳ್ಳೆಯದು, ಸ್ನಾನದ ನೀರು ನೇರ ಬಾಳೆಬುಡಕ್ಕೆ ಹೋಗಲಿ.

ಕಾನೂನಿನ ಮಾತು

ಮನೆ ಕಟ್ಟಿ ನೋಡು ಎಂಬ ಗಾದೆ ಬಸ್ಸುಮನೆಗೂ ಸಲ್ಲುತ್ತದೆ, ಕಷ್ಟ ಮಾತ್ರ ಸಿಮೆಂಟು ಇಟ್ಟಿಗೆಯದಲ್ಲ, ಕಾಗದದ್ದು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ನೋಂದಣಿಯಾದ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿತು. ಓಡಾಡುವ ಮನೆಗೆ ನಮ್ಮ ದೇಶದಲ್ಲಿ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಎಂಬ ವರ್ಗವೂ ನೋಂದಣಿ ಪಟ್ಟಿಯಲ್ಲಿದೆ. ದಾರಿ ಮುಚ್ಚಿಲ್ಲ, ಆದರೆ ಕಿರಿದಾಗಿದೆ. ಹಳೇ ಶಾಲಾ ಬಸ್ಸನ್ನು ಮನೆ ಮಾಡಿಕೊಂಡು ಹೆದ್ದಾರಿಗೆ ಇಳಿಯಲು ಬಯಸುವವರು ಗ್ಯಾರೇಜಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗಬೇಕು. ಬದಲಾಯಿಸಿದ ಮೇಲೆ ಕೇಳಿದರೆ ವಿಮೆಯೂ ನಿಲ್ಲುವುದಿಲ್ಲ, ಎಫ್‌ಸಿಯೂ ಸಿಗುವುದಿಲ್ಲ. ಸರ್ಕಾರಿ ಬಸ್ಸಿನ ಆಸೆ ಇದ್ದವರು ಇನ್ನೊಂದು ತಿಳಿದಿರಬೇಕು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ, ಸಾರಿಗೆ ನಿಗಮದ ಬಸ್ಸುಗಳೂ ಅದರಲ್ಲಿ ಸೇರಿವೆ.

ಇನ್ನೊಂದು ದಾರಿ, ಬಸ್ಸನ್ನು ರಸ್ತೆಯಿಂದ ಶಾಶ್ವತವಾಗಿ ಇಳಿಸುವುದು. ಬಳಸಲಾಗದ ವಾಹನದ ನೋಂದಣಿ ರದ್ದುಮಾಡಿಸಲು ಅದೇ ಕಾಯ್ದೆಯ 55ನೇ ಸೆಕ್ಷನ್ ಇದೆ. ಆರ್‌ಟಿಒ ಒಪ್ಪಿದರೆ ಆಮೇಲೆ ಅದನ್ನು ಸ್ವಂತ ಜಾಗದಲ್ಲಿ ಸಿಮೆಂಟ್ ಕಂಬಗಳ ಮೇಲೆ ಕೂರಿಸಿ, ಟಯರು ಕಳಚಿ, ಎಂಜಿನ್ ಮಾರಿಬಿಡಬಹುದು. ಡೀಸೆಲ್ ವಾಸನೆ ಹೋಗುತ್ತದೆ, ಎಂಜಿನ್ನಿನ ಜಾಗದಲ್ಲಿ ಇನ್ನೊಂದು ಕಪಾಟು ಬರುತ್ತದೆ. ಪಂಚಾಯಿತಿಯಲ್ಲೂ ವಿದ್ಯುತ್ ಕಚೇರಿಯಲ್ಲೂ ಮೊದಲೇ ವಿಚಾರಿಸಿ ಲಿಖಿತವಾಗಿ ಉತ್ತರ ಪಡೆಯಿರಿ.

ಎರಡರಲ್ಲಿ ನಾನು ಎರಡನೆಯದರ ಪರ. ನಮ್ಮ ಕಿರಿದಾದ ರಸ್ತೆಗಳಲ್ಲಿ ಮೂವತ್ತಡಿ ಉದ್ದದ ಮನೆಯನ್ನು ಓಡಿಸುವುದು ಕೆಲವರ ಆಸೆಯಾಗಬಹುದು, ಎಲ್ಲರ ಅಗತ್ಯವಲ್ಲ. ತೋಟದಲ್ಲಿ ನಿಂತ ಮನೆ ಅಗತ್ಯ. ಹಾಸನ ಜಿಲ್ಲೆಯ ಶುಂಠಿ ಹೊಲಗಳ ಬದಿಯಲ್ಲಿ ಕೂಲಿಗೆ ಬಂದ ಸಂಸಾರಗಳು ತಿಂಗಳುಗಟ್ಟಲೆ ಟಾರ್ಪಾಲಿನ ಗುಡಿಸಲುಗಳಲ್ಲಿ ಇರುತ್ತವೆ. ಮಳೆ ಬಂದರೆ ನೆಲ ಒದ್ದೆ, ಹಾವು ಚೇಳುಗಳ ಭಯ, ಹೆಣ್ಣುಮಕ್ಕಳಿಗೆ ಚಿಲಕ ಹಾಕಿಕೊಳ್ಳುವ ಬಾಗಿಲಿಲ್ಲ. ನೆಲದಿಂದ ಮೂರಡಿ ಎತ್ತರದ ತಳ, ಮುಚ್ಚುವ ಕಿಟಕಿ, ಒಳಗಿನಿಂದ ಬೀಗ ಹಾಕಬಹುದಾದ ಬಾಗಿಲು, ಚಾವಣಿಯ ಮೇಲೊಂದು ಸೌರಫಲಕ ಇರುವ ಬಸ್ಸು ಅವರಿಗೆ ಎಷ್ಟೋ ಮೇಲು. ಬೇಸಾಯಕ್ಕೆ ಮರಳಿ ಬಂದ ಯುವ ದಂಪತಿಗೆ, ತೋಟ ಕಾಯುವವರಿಗೆ, ಹಳೇ ಮನೆ ಕೆಡವಿ ಹೊಸದು ಕಟ್ಟುವವರೆಗೆ ತಲೆಯ ಮೇಲೊಂದು ಸೂರು ಬೇಕಾದವರಿಗೂ ಇದು ಒದಗುತ್ತದೆ.

ಹಾಗಾಗಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಲಾ ಆಡಳಿತ ಮಂಡಳಿಗಳಲ್ಲಿ ಒಂದು ವಿನಂತಿ. ನಿಮ್ಮ ಹಳೇ ಬಸ್ಸನ್ನು ಗುಜರಿಗೆ ತೂಗಿ ಕೊಡುವ ಮುಂಚೆ ಒಬ್ಬ ಒಳ್ಳೆಯ ಟಿಂಕರನ್ನು ಕರೆಸಿ ಮೈ ಪರೀಕ್ಷಿಸಿ. ಗಟ್ಟಿಯಿದ್ದರೆ, ಕಾಗದಪತ್ರ ಸರಿಮಾಡಿ, ತೋಟದಲ್ಲಿ ಜಾಗ ಇರುವವರಿಗೆ ಕೊಡಿ. ಶುಂಠಿ ಬೆಳೆಗಾರರು ಕೂಲಿಯವರಿಗೆಂದು ಒಂದಾದರೂ ಬಸ್ಸು ಕೊಂಡು ನಿಲ್ಲಿಸಲಿ. ಹಾಸನದ ಕಾರ್ಯಾಗಾರದಿಂದ ನಿವೃತ್ತರಾದ ಕೆಲಸಗಾರರು ಜಿಲ್ಲೆಯಲ್ಲೇ ಇದ್ದಾರೆ, ಬಸ್ಸಿನ ಒಂದೊಂದು ಕೀಲೂ ಅವರ ಕೈಗೆ ಗೊತ್ತು. ಐಟಿಐಗಳು ಅವರನ್ನು ಕರೆಸಿ ಹುಡುಗರಿಗೆ ಈ ಕಸುಬು ಕಲಿಸುವ ಏರ್ಪಾಡು ಮಾಡಲಿ.